ಎದುರಿನ ಗುಡ್ಡ

ಲೋಕಬಹಾದ್ದೂರ ಗೋರ್ಖಾ ಸೀಮೆಯವನು.
ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದವನೇ ಕತ್ತೆತ್ತಿ
ಇದಕ್ಕೆ ಗುಡ್ಡ ಅಂತೀರಾ, ಅಂದ.
ನಮ್ಮಲ್ಲಿ ಇದು ಹೊಲದ ಬದು.

ಒಗ್ಗರಣಿ ಮಂಡಾಳು, ಮೇಲೆ ನಾಲ್ಕು ಮೆಣಸಿನಕಾಯಿ ತಿನ್ನಿಸಿ
ಕಣ್ಣಲ್ಲಿ ನೀರು ಬರಿಸಿದ ಮೇಲೆ
ಮೆಟ್ಟಿಲ ಬುಡಕ್ಕೆ ಕರೆತಂದೆ.
ಚಾದಂಗಡಿಯ ಗಾದೆಮ್ಮ ನಕ್ಕಳು:
ಏನೋ ಹುಸೇನಪ್ಪ, ನೀನೂ ಹತ್ತಾಕತ್ತಿ?
ಈ ಬಂಡೆಯ ನೆರಳಲ್ಲೇ ಹುಟ್ಟಿ, ಅದರ ನೆರಳಲ್ಲೇ
ಜೀನ್ಸು ಕತ್ತರಿಸುವ ನಾನು
ಅಲ್ಲಿವರೆಗೆ ಒಮ್ಮೆಯೂ ಹತ್ತಿರಲಿಲ್ಲ.

ಹತ್ತಿದ್ದು ಬೇರೆ ಕೋಟೆ, ಒಮಾನಿನ ನಿಜ್ವಾದಲ್ಲಿ,
ಒಂದು ಶುಕ್ರವಾರ.
ಮೂವರಿಗೂ ಮಸ್ಕತ್ತಿನಲ್ಲಿ ಒಂದೇ ಕೋಣೆ, ಒಂದೇ ಕುಕ್ಕರು,
ಒಂದೇ ಯೂನಿಫಾರ್ಮ್ ಅಂಗಡಿ:
ನಾನು ಕತ್ತರಿ, ಲೋಕ ಇಸ್ತ್ರಿ, ಕೊಮಿಲ್ಲಾದ ರಫೀಕುಲ್ ಕಾಜಾ-ಗುಂಡಿ.
ಟಿಕೀಟು ದುಬಾರಿಯಾಯಿತೆಂದು ರಫೀಕುಲ್
ಪ್ರತಿ ಮೆಟ್ಟಿಲನ್ನೂ ಎರಡೆರಡು ಸಲ ತುಳಿದ.
ಬಾಗಿಲ ಮೇಲಿನ ಕಿಂಡಿ ತೋರಿಸಿದರು,
ಶತ್ರು ಬಂದರೆ ಇಲ್ಲಿಂದಲೇ
ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದರಂತೆ.
ಎಂಥ ಸಿಹಿ ಸಾವು, ಅಂದ ಅವನು.
ಕಿಂಡಿಯ ಕೆಳಗೆ ನಿಂತು ಬಾಯಿ ತೆರೆದ.

ನಮ್ಮೂರಲ್ಲೂ ಒಂದೈತೆ, ಇದರಪ್ಪನಂಥದ್ದು, ಅಂದುಬಿಟ್ಟೆ.
ಮೇಲಿಂದ ಏನು ಕಾಣ್ತದೆ?
ಹತ್ತದವನು ಏನು ಹೇಳಲಿ.
ಸಮುದ್ರ, ಅಂದೆ.

ಅದೊಂದೇ ಸುಳ್ಳಲ್ಲ.
ಅಲಾಯಿ ದೇವರಿಗೆ ಅಜ್ಜಿ ಹೊತ್ತ ಹರಕೆಗೆ ಬಂದ ಹೆಸರು ನನ್ನದು;
ರಫೀಕುಲ್ ಅದನ್ನು ಅರ್ಧವೇ ಕೇಳಿಸಿಕೊಂಡು
ಆರು ತಿಂಗಳು ನನ್ನನ್ನು ಫಜರ್ ನಮಾಜಿಗೆ ಎಬ್ಬಿಸಿದ.
ನಾನೂ ಹೇಳಲಿಲ್ಲ.
ಆ ಹೊತ್ತಿನ ತಂಪು ಹಿಡಿಸಿತ್ತು.

ಈಗ ಅರ್ಧ ದಾರಿಗೇ ಗೋರ್ಖಾದವನು ಕೂತುಬಿಟ್ಟ.
ಎತ್ತರವಲ್ಲ, ನಿಮ್ಮ ಬಿಸಿಲು, ಅಂತ ಬಂಡೆಗೆ ಬೈದ.
ಬಂಡೆ ಕಾದ ಇಸ್ತ್ರಿಪೆಟ್ಟಿಗೆ; ಅದು ಅವನಿಗೆ ಹೊಸದಲ್ಲ.
ಉಸಿರು ಹಿಂತಿರುಗುವವರೆಗೆ ಊರ ಕಥೆ ಹೇಳಿದೆ:
ಈ ಕೋಟೆ ಕಟ್ಟಿದ ಫ್ರೆಂಚ್ ಇಂಜಿನಿಯರನನ್ನು
ಇದರ ಬಾಗಿಲಲ್ಲೇ ನೇಣು ಹಾಕಿದರು ಅಂತಾರೆ.
ಕಟ್ಟಿ ಮುಗಿದ ಮೇಲೆ ನೋಡಿದರೆ
ಅಗೋ, ಆ ಕುಂಬಾರ ಗುಡ್ಡ, ಇದಕ್ಕಿಂತ ಎತ್ತರ.

ಲೋಕ ಲೆಕ್ಕ ಹಾಕಿದ.
ಕಾಲರ್ ಸುಟ್ಟಿದ್ದಕ್ಕೆ ನನ್ನ ವಾರದ ಕೂಲಿ ಹೋಯ್ತು,
ಗುಡ್ಡ ತಪ್ಪಿದ್ದಕ್ಕೆ ಕುತ್ತಿಗೆ. ಸರಿಯಾಗೇ ಐತೆ.
ನಾನು ಒಪ್ಪಲಿಲ್ಲ. ಕತ್ತರಿ ಹಿಡಿದವನಿಗೆ ಗೊತ್ತು:
ಅವನ ಅಳತೆ ತಪ್ಪಿರಲಿಕ್ಕಿಲ್ಲ,
ಅಳೆಯಲು ಕೊಟ್ಟದ್ದು ಇದೊಂದೇ ಗುಡ್ಡ.

ಮೇಲೆ ಗಾಳಿ.
ಬಂಡೆಯ ನಡುವೆ ಹಸಿರುಗಟ್ಟಿದ ನೀರು, ಯಾರದೋ ಒಂದು ಚಪ್ಪಲಿ,
ಸುಣ್ಣದಲ್ಲಿ ಬರೆದ ಎರಡು ಹೆಸರು, ಒಂದನ್ನು ಆಮೇಲೆ ಒರೆಸಿದ್ದು.
ಇಬ್ಬರೂ ರಫೀಕುಲ್ಲನ ಮಾತು ತೆಗೆಯದೆ ಕೂತೆವು.
ನನ್ನ ಇಪ್ಪತ್ತು ರಿಯಾಲ್, ಲೋಕನ ಇಪ್ಪತ್ತು,
ತಂಗಿಯ ಮದುವೆಗೆ ಅಂತ ಒಯ್ದವನು ತಿರುಗಿ ಬರಲಿಲ್ಲ.
ನಂಬರು ಎಷ್ಟೋ ದಿನದಿಂದ ಬಂದ್.
ಕಳ್ಳ, ಅಂದ ಲೋಕ ಕೊನೆಗೆ.
ಹೂಂ, ಅಂದೆ. ಬಜ್ಜಿ ಅವನಿಗೆ ಹಿಡಿಸುತ್ತಿತ್ತು, ಅಂದ.
ಅದಕ್ಕೂ ಹೂಂ ಅಂದೆ.

ಎಲ್ಲಿ ನಿನ್ನ ಸಮುದ್ರ?
ನನಗೆ ಮರೆತಿತ್ತು, ಅವನಿಗೆ ಇಲ್ಲ.
ಕೈ ತೋರಿಸಬೇಕಾಯಿತು, ಸುಮ್ಮನೆ, ಎಲ್ಲಾದರೂ.
ಬೆರಳು ಹೋದ ಕಡೆ ವಾಷಿಂಗ್ ಘಟಕಗಳ ಮಾಳಿಗೆಗಳು,
ತಂತಿ ತಂತಿಗೂ ಹಸಿ ಜೀನ್ಸು,
ಸಾವಿರಾರು ಕಾಲು ಖಾಲಿ ಗಾಳಿಯಲ್ಲಿ ಒದೆಯುತ್ತ
ನೀಲಿ, ತಿಳಿನೀಲಿ, ಮಾಸಿದ ನೀಲಿ.
ಅದರಲ್ಲಿ ನಾನು ಕತ್ತರಿಸಿದವೂ ಇದ್ದಾವು.

ಲೋಕ ಬಹಳ ಹೊತ್ತು ನೋಡಿ,
ಉಪ್ಪಿನ ವಾಸನೆ ಇಲ್ಲ, ಅಂದ.

ಫೋಟೊ ತೆಗೆದು ಆ ಬಂದಾದ ನಂಬರಿಗೇ ಕಳಿಸಿದೆ.
ಕೆಳಗೆ ಬರೆದೆ: ಕಾಣ್ತದೆ ನೋಡು. ನಲವತ್ತು ರಿಯಾಲ್ ಮರೆತಿಲ್ಲ.
ಒಂದೇ ಗೀಟು ಬಿತ್ತು, ಬೂದು ಬಣ್ಣದ್ದು.
ಇಳಿಯುವಾಗ ಮೊಣಕಾಲು ನಡುಗಿತು ಇಬ್ಬರದೂ;
ಅವನು ಇಳಿಜಾರು ಜಾಸ್ತಿ ಅಂದ, ಬದು ಅನ್ನಲಿಲ್ಲ.